ಅಭ್ಯಂಗ, ಕಟಿಬಸ್ತಿಯ ಬಿಲ್ಲಿಗೆ ಆರೋಗ್ಯ ವಿಮೆ ಸಿಗುತ್ತದೆಯೇ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಅಮ್ಮನಿಗೆ 62 ವರ್ಷ. ಸೊಂಟನೋವು, ಎಡಗಾಲಿಗೆ ಸೆಳೆತ. ಈಚೆಗೆ ಮಾಡಿಸಿದ ಎಂಆರ್‌ಐಯಲ್ಲಿ ಎಲ್4-ಎಲ್5 ಡಿಸ್ಕ್ ಜಾರಿದೆ ಎಂದು ಬಂದಿದೆ. ನಾಲ್ಕು ವರ್ಷದ ಹಿಂದೊಮ್ಮೆ ಇದೇ ನೋವಿಗೆ ಮೂಳೆ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ತೆಗೆಸಿದ್ದೆವು, ಮಾತ್ರೆಯಲ್ಲೇ ಕಡಿಮೆಯಾಗಿತ್ತು. ಈಗ ಮನೆಗೆ ಬಂದು ಎಣ್ಣೆ ತಿಕ್ಕುವ ಹೆಂಗಸಿಗೆ ದಿನಕ್ಕೆ 600 ರೂಪಾಯಿ ಕೊಡುತ್ತಿದ್ದೇವೆ. ಠಾಣೆಯ ಆಯುರ್ವೇದ ವೈದ್ಯರು 14 ದಿನ ಅಡ್ಮಿಟ್ ಆಗಿ ಅಭ್ಯಂಗ, ಕಟಿಬಸ್ತಿ ಮಾಡಿಸಿಕೊಳ್ಳಿ ಎನ್ನುತ್ತಾರೆ. ಗೋವಾದಲ್ಲಿರುವ ಭಾವ, ಅಲ್ಲಿನ ರೆಸಾರ್ಟೊಂದರಲ್ಲಿ 7 ದಿನದ ಪಂಚಕರ್ಮ ಪ್ಯಾಕೇಜ್ ಇದೆ, ಅಲ್ಲಿಗೇ ಕರೆದುಕೊಂಡು ಬನ್ನಿ ಎನ್ನುತ್ತಾರೆ. ನಮ್ಮದು ಮನೆಮಂದಿಗೆಲ್ಲ ಸೇರಿ 3 ಲಕ್ಷದ ಫ್ಯಾಮಿಲಿ ಫ್ಲೋಟರ್ ವಿಮೆ, ತೆಗೆದು 2 ವರ್ಷ 5 ತಿಂಗಳಾಯಿತು. ‘ಆಯುರ್ವೇದ ಸೇರಿ ಆಯುಷ್ ಎಲ್ಲ ಕವರ್ ಆಗುತ್ತೆ’ ಎಂದು ಏಜೆಂಟ್ ಹೇಳಿದ್ದರು. ಮಸಾಜಿನ ಖರ್ಚು ವಾಪಸು ಸಿಗುತ್ತದೆಯೇ?

ಉತ್ತರ: ಮನೆಗೆ ಬರುವವರಿಗೆ ಕೊಡುವ 600 ರೂಪಾಯಿ ಸಿಗುವುದಿಲ್ಲ. ಗೋವಾದ ರೆಸಾರ್ಟಿನದೂ ಸಿಗುವುದಿಲ್ಲ. ಠಾಣೆಯದು ಸಿಗಬಹುದಾದದ್ದು. ಆದರೆ ಈ ತಿಂಗಳೇ ಕ್ಲೇಮ್ ಹಾಕಿದರೆ ತಿರಸ್ಕಾರವಾಗುವ ಸಂಭವವೇ ಹೆಚ್ಚು, ಮತ್ತು ಅದಕ್ಕೆ ಕಾರಣ ಮಸಾಜ್ ಅಲ್ಲ, ನಿಮ್ಮ ಪಾಲಿಸಿಯ ತಾರೀಖು. ಆ ಮಾತು ಮೊದಲು ಮುಗಿಸೋಣ, ಏಕೆಂದರೆ ಉಳಿದದ್ದೆಲ್ಲ ಸರಿಯಿದ್ದರೂ ಇಲ್ಲಿ ಎಡವಿದರೆ ದುಡ್ಡು ಬರುವುದಿಲ್ಲ.

ಪಾಲಿಸಿಯಲ್ಲಿ ನಿಮಗೆ ಸಂಬಂಧಿಸಿದ ಕಾಯುವ ಅವಧಿಗಳು ಎರಡು. ಒಂದು, ಹೆಸರಿಸಿದ ಕಾಯಿಲೆಗಳಿಗೆ. ಬೆನ್ನುಮೂಳೆಯ ತೊಂದರೆ, ಡಿಸ್ಕ್, ಸಂಧಿವಾತ ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ, ಅವಧಿ ಹೆಚ್ಚಾಗಿ 24 ತಿಂಗಳು. ನಿಮ್ಮದು 29 ತಿಂಗಳಾದ್ದರಿಂದ ಅದು ದಾಟಿದೆ. ಇನ್ನೊಂದು, ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ. 2024ರ ಏಪ್ರಿಲ್‌ನಿಂದ ಇದರ ಗರಿಷ್ಠ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 48ರಿಂದ 36 ತಿಂಗಳಿಗೆ ಇಳಿಸಿದೆ. ಮೊದಲೇ ಇದ್ದ ಕಾಯಿಲೆ ಎಂದರೆ ಯಾವುದು ಎಂಬುದಕ್ಕೂ ವ್ಯಾಖ್ಯೆಯಿದೆ: ಪಾಲಿಸಿ ಶುರುವಾಗುವ ಮುಂಚಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ್ದು, ಅಥವಾ ಸಲಹೆ-ಚಿಕಿತ್ಸೆ ಕೊಟ್ಟಿದ್ದು. ಬರೀ ಮನೆಯಲ್ಲಿ ಎಣ್ಣೆ ಹಚ್ಚಿಕೊಂಡು ಸಹಿಸಿದ ನೋವು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೆ ನೀವು ನಾಲ್ಕು ವರ್ಷದ ಹಿಂದೆ, ಅಂದರೆ ಪಾಲಿಸಿಗೆ ಸುಮಾರು 19 ತಿಂಗಳು ಮೊದಲು, ಡಾಕ್ಟರಿಗೆ ತೋರಿಸಿ ಮಾತ್ರೆ ತೆಗೆದುಕೊಂಡಿದ್ದೀರಿ. ಕಂಪನಿ ಇದನ್ನು ಮೊದಲೇ ಇದ್ದ ಕಾಯಿಲೆ ಎಂದೇ ಹಿಡಿಯುತ್ತದೆ.

ಆಸ್ಪತ್ರೆಗೆ ಸೇರುವಾಗ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ‘ಎಷ್ಟು ದಿನದಿಂದ?’ ಎಂಬುದು. ಅಮ್ಮ ಸಹಜವಾಗಿ ‘ನಾಲ್ಕು ವರ್ಷ’ ಅನ್ನುತ್ತಾರೆ, ಅದು ಕೇಸ್ ಪೇಪರಿನಲ್ಲಿ ಬರುತ್ತದೆ. ಅದನ್ನು ‘ಎರಡು ತಿಂಗಳು’ ಎಂದು ತಿದ್ದಿಸಲು ಹೋಗಬೇಡಿ. ಹಳೆಯ ಎಕ್ಸ್‌ರೇ, ಔಷಧಿ ಚೀಟಿ ಎಲ್ಲಿಯೋ ಒಂದು ಕಡೆ ಇರುತ್ತದೆ. ತಿದ್ದಿದ್ದು ಸಿಕ್ಕಿಬಿದ್ದರೆ ಹೋಗುವುದು ಒಂದು ಕ್ಲೇಮ್ ಅಲ್ಲ, ಇಡೀ ಪಾಲಿಸಿ. 60 ತಿಂಗಳು ಸತತವಾಗಿ ನಡೆದ ಪಾಲಿಸಿಯನ್ನು ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ಪ್ರಶ್ನಿಸುವಂತಿಲ್ಲ ಎಂಬ ರಕ್ಷಣೆ ಇದೆ ನಿಜ. ಆದರೆ ನಿಮ್ಮದು ಅದರ ಅರ್ಧ ದಾರಿಯಲ್ಲಿದೆ, ಮತ್ತು ಸಾಬೀತಾದ ವಂಚನೆಗೆ ಆ ರಕ್ಷಣೆ ಅನ್ವಯಿಸುವುದೂ ಇಲ್ಲ.

ಆದ್ದರಿಂದ ಇವತ್ತೇ ಮಾಡಬೇಕಾದ್ದು ಎರಡು. ಪಾಲಿಸಿಯ ಜೊತೆ ಬಂದ ಗ್ರಾಹಕ ಮಾಹಿತಿ ಹಾಳೆಯನ್ನು ತೆಗೆದು ಕಾಯುವ ಅವಧಿಯ ಸಾಲು ನೋಡಿ. ಕೆಲವು ಪಾಲಿಸಿಗಳಲ್ಲಿ 36ರ ಬದಲು 24 ಅಥವಾ 12 ತಿಂಗಳೇ ಇರುತ್ತದೆ, ಹಾಗಿದ್ದರೆ ನಿಮಗೆ ಅಡ್ಡಿಯಿಲ್ಲ. ಈ ಹಾಳೆಯನ್ನು ಸ್ಥಳೀಯ ಭಾಷೆಯಲ್ಲಿ ಕೇಳಿದರೆ ಕಂಪನಿ ಕೊಡಬೇಕು. ಎರಡನೆಯದು, ಪಾಲಿಸಿ ತೆಗೆಯುವಾಗ ತುಂಬಿದ ಪ್ರಪೋಸಲ್ ಫಾರ್ಮಿನ ಪ್ರತಿ ತರಿಸಿಕೊಳ್ಳಿ. ಅಮ್ಮನ ಸೊಂಟನೋವನ್ನು ಅದರಲ್ಲಿ ಬರೆದಿದ್ದರೆ ಇನ್ನು 7 ತಿಂಗಳು ಕಾದರೆ ಹಾದಿ ಸಲೀಸು. ಬರೆದಿರದಿದ್ದರೆ ಈಗಲೇ ಇಮೇಲ್ ಮೂಲಕ ತಿಳಿಸಿ. ಪ್ರೀಮಿಯಂ ಹೆಚ್ಚಿಸಬಹುದು, ಷರತ್ತು ಹಾಕಬಹುದು, ಬಿಗಿ ನಿಲುವನ್ನೇ ತಳೆಯಲೂಬಹುದು. ಅಷ್ಟಾದರೂ ಕ್ಲೇಮ್ ಹಾಕಿದ ಮೇಲೆ ಅವರೇ ಕಂಡುಹಿಡಿಯುವುದಕ್ಕಿಂತ ಇದು ಲೇಸು. ಏಜೆಂಟ್ ತಾನೇ ತುಂಬಿ, ನಿಮ್ಮಿಂದ ಸಹಿ ಮಾತ್ರ ಹಾಕಿಸಿಕೊಂಡ ಫಾರ್ಮುಗಳಲ್ಲಿ ಆರೋಗ್ಯದ ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದೇ ಇರುವುದು ಸಾಮಾನ್ಯ.

ಹಾಗೆಂದು ಚಿಕಿತ್ಸೆಯನ್ನು ವಿಮೆಗಾಗಿ ಮುಂದೂಡಬೇಡಿ. ಪಾದ ಎತ್ತಲಾಗದಂತೆ ಬಲ ಕುಂದಿದರೆ, ತೊಡೆಸಂಧಿ ಮರಗಟ್ಟಿದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ ಎಣ್ಣೆ, ಮಾಲೀಶು ಎಲ್ಲ ಬಿಟ್ಟು ಅದೇ ದಿನ ನರ ಶಸ್ತ್ರಚಿಕಿತ್ಸೆಯಿರುವ ದೊಡ್ಡ ಆಸ್ಪತ್ರೆಗೆ ಹೋಗಿ.

ಈಗ ಮಸಾಜಿನ ಮಾತು. ವಿಮೆಯ ಭಾಷೆಯಲ್ಲಿ ಮಸಾಜ್ ಎಂಬ ಚಿಕಿತ್ಸೆಯೇ ಇಲ್ಲ. ನೋಂದಾಯಿತ ವೈದ್ಯರು, ಮಾನ್ಯ ಆಸ್ಪತ್ರೆಯಲ್ಲಿ, ಕನಿಷ್ಠ 24 ಗಂಟೆ ಒಳರೋಗಿಯಾಗಿ ಇಟ್ಟುಕೊಂಡು, ಒಂದು ಕಾಯಿಲೆಗೆ ಕೊಡುವ ಚಿಕಿತ್ಸೆ ಇದೆ. ಎಣ್ಣೆ ಹಚ್ಚಿ ತಿಕ್ಕುವುದು ಅದರ ಭಾಗವಾಗಿ ಬಂದರೆ ದುಡ್ಡು ಕೊಡುತ್ತಾರೆ, ಅದೊಂದೇ ಬಂದರೆ ಕೊಡುವುದಿಲ್ಲ. ಮನೆಗೆ ಬರುವ ಹೆಂಗಸಿನ ಕೈಗುಣ ಎಷ್ಟೇ ಚೆನ್ನಾಗಿರಲಿ, ಅವರು ಯಾವ ವೈದ್ಯಕೀಯ ಪರಿಷತ್ತಿನಲ್ಲೂ ನೋಂದಾಯಿತರಲ್ಲ. ಬಾಣಂತಿಗೆ, ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಲು ಬರುವ ಮಾಲಿಶ್‌ವಾಲಿಯ ಸಂಬಳಕ್ಕೂ ಇದೇ ಉತ್ತರ. ಹೆರಿಗೆ ಕವರ್ ಇದ್ದರೂ ಅದು ಸೇರುವುದಿಲ್ಲ.

ಏಜೆಂಟ್ ಹೇಳಿದ್ದು ಅರ್ಧ ಸರಿ. ಹಿಂದೆ ಎಷ್ಟೋ ಪಾಲಿಸಿಗಳು ಆಯುಷ್ ಚಿಕಿತ್ಸೆಗೆ ಪ್ರತ್ಯೇಕ ಸಣ್ಣ ಮಿತಿ ಇಟ್ಟಿದ್ದವು. 2024ರ ಜನವರಿ 31ರ ಸುತ್ತೋಲೆಯಲ್ಲಿ ಐಆರ್‌ಡಿಎಐ, ಏಪ್ರಿಲ್ 1ರಿಂದ ಆಯುಷ್ ಅನ್ನು ಉಳಿದ ಚಿಕಿತ್ಸೆಗಳ ಸಮಕ್ಕೆ ಕಾಣಬೇಕು ಎಂದಿತು. ಸಮಕ್ಕೆ ಎಂದರೆ ಷರತ್ತುಗಳೂ ಸಮಕ್ಕೆ. ಅಲೋಪತಿಯಲ್ಲಿ ಮಂಚ ಹಿಡಿಯದೆ ಮಾಡಬಹುದಾದ್ದಕ್ಕೆ ಹೇಗೆ ದುಡ್ಡಿಲ್ಲವೋ ಇಲ್ಲೂ ಹಾಗೆಯೇ. ಇದು ನಿಮ್ಮ ಪ್ರಕರಣದ ಎರಡನೇ ಗಂಡಾಂತರ.

ಕಟಿಬಸ್ತಿಯನ್ನೇ ನೋಡಿ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೋರಲು ಮಲಗಿಸಿದ ರೋಗಿಯ ಸೊಂಟದ ಮೇಲೆ ದುಂಡಗೆ ಕಟ್ಟೆ ಕಟ್ಟುತ್ತಾರೆ. ಅದರೊಳಗೆ ಬಿಸಿ ತೈಲ ಸುರಿದು, ಆರುತ್ತಿದ್ದಂತೆ ಹತ್ತಿಯಲ್ಲಿ ಹೀರಿ ತೆಗೆದು ಮತ್ತೆ ಬಿಸಿಯದನ್ನು ತುಂಬುತ್ತಾರೆ. ಸುಮಾರು 30-40 ನಿಮಿಷದ ಕೆಲಸ. ಅಭ್ಯಂಗ, ಸ್ವೇದನ (ಬೆವರಿಸುವ ಶಾಖ) ಸೇರಿದರೂ ಒಂದೂವರೆ ಗಂಟೆ. ಉಳಿದ ಇಪ್ಪತ್ತೆರಡೂವರೆ ಗಂಟೆ ಅಮ್ಮ ಆಸ್ಪತ್ರೆಯಲ್ಲಿ ಏಕಿರಬೇಕು? ಕ್ಲೇಮ್ ನೋಡುವ ಡಾಕ್ಟರು ಕೇಳುವುದು ಇದನ್ನೇ. ‘ಈ ಚಿಕಿತ್ಸೆ ಒಪಿಡಿಯಲ್ಲಿ (ಹೊರರೋಗಿಯಾಗಿ) ಆಗುತ್ತಿತ್ತು’ ಎಂಬ ಒಂದು ಸಾಲಿನಲ್ಲಿ ಇಂಥ ಬಿಲ್ಲುಗಳು ವಾಪಸಾಗುತ್ತವೆ. ಪಾಲಿಸಿಯ ಪ್ರಕಾರ ಚಿಕಿತ್ಸೆ ‘ವೈದ್ಯಕೀಯವಾಗಿ ಅಗತ್ಯ’ ಆಗಿರಬೇಕು, ಆರೈಕೆಯ ಮಟ್ಟ ಮತ್ತು ಅವಧಿ ಬೇಕಾದಷ್ಟಕ್ಕಿಂತ ಹೆಚ್ಚಿರಬಾರದು.

ಇದಕ್ಕೆ ಉತ್ತರ ಕೊಡಬೇಕಾದವರು ನೀವಲ್ಲ, ವೈದ್ಯರು, ಅದೂ ದಾಖಲಾಗುವ ದಿನವೇ, ಕೇಸ್ ಪೇಪರಿನ ಮೇಲೆ. ‘ಸೊಂಟನೋವು, ಪಂಚಕರ್ಮಕ್ಕೆ ದಾಖಲು’ ಎಂದಷ್ಟೇ ಬರೆದರೆ ಕ್ಲೇಮ್ ಅಲ್ಲಿಗೇ ಸೋತಂತೆ. ಬೇಕಾದ್ದು ಅಳತೆಗಳು: ಮಲಗಿ ನೇರ ಕಾಲೆತ್ತುವ ಪರೀಕ್ಷೆಯಲ್ಲಿ ಎಡಗಾಲು ಎಷ್ಟು ಡಿಗ್ರಿಗೆ ನಿಂತಿತು, ನೋವು 10ಕ್ಕೆ ಎಷ್ಟು, ಎಷ್ಟು ನಿಮಿಷ ಕೂರಬಲ್ಲರು, ಎಷ್ಟು ಹೆಜ್ಜೆ ನಡೆಯಬಲ್ಲರು, ಈವರೆಗೆ ಯಾವ ಔಷಧ ಎಷ್ಟು ವಾರ ತೆಗೆದುಕೊಂಡು ಗುಣವಾಗಲಿಲ್ಲ. ದಿನಾ ಡೊಂಬಿವಲಿಯಿಂದ ಠಾಣೆಗೆ ಲೋಕಲ್‌ನಲ್ಲಿ ಹೋಗಿಬರುವುದು ಇಂಥ ಕಾಲಿಗೆ ಆಗದ ಮಾತು ಎಂಬುದೂ ಬರಹದಲ್ಲಿರಲಿ, ಆದರೆ ಅದೊಂದನ್ನೇ ನೆಚ್ಚಬೇಡಿ. ದೂರ ಎಂಬುದು ಆಸ್ಪತ್ರೆ ಸೇರಲು ವೈದ್ಯಕೀಯ ಕಾರಣವಲ್ಲ ಎಂದು ಸುಲಭವಾಗಿ ತಳ್ಳಿಹಾಕುತ್ತಾರೆ. ಎರಂಡಮೂಲಾದಿಯಂಥ ನಿರೂಹ ಬಸ್ತಿ, ಅಂದರೆ ಕಷಾಯದ ಎನಿಮಾ, ಚಿಕಿತ್ಸೆಯಲ್ಲಿ ಸೇರಿದ್ದರೆ ಒಳರೋಗಿಯಾಗಿರಲು ಗಟ್ಟಿ ಕಾರಣ ಸಿಗುತ್ತದೆ. ಅದಕ್ಕೆ ಆಹಾರದ ಪಥ್ಯ, ನಿಗಾ ಎರಡೂ ಬೇಕು. ಹಾಗೆಂದು ವಿಮೆಗಾಗಿ ಬಸ್ತಿ ಕೊಡಿ ಎಂದು ವೈದ್ಯರನ್ನು ಕೇಳುವುದು ತಲೆಕೆಳಗಾದ ಕೆಲಸ.

ರೋಗದ ಹೆಸರನ್ನು ಎರಡೂ ಪದ್ಧತಿಯಲ್ಲಿ ಬರೆಸಿ. ಬರೀ ‘ಗೃಧ್ರಸಿ’ (ಸಯಾಟಿಕಾಕ್ಕೆ ಆಯುರ್ವೇದದ ಹೆಸರು) ಎಂದಿದ್ದರೆ, ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಯಾದ ಟಿಪಿಎ ಕಚೇರಿಯಲ್ಲಿ ಫೈಲು ಕುಂಟುತ್ತದೆ. ಗೃಧ್ರಸಿಯ ಪಕ್ಕದಲ್ಲಿ ಡಿಸ್ಕ್ ಜಾರಿ ನರ ಒತ್ತಿದೆ ಎಂಬ ನಿದಾನ, ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಐಸಿಡಿ ಕೋಡ್ ಎಂ51.1, ಎಂಆರ್‌ಐ ತಾರೀಖು ಇರಲಿ. ನಂತರ ದಿನದ ಚಾರ್ಟ್. ಯಾವ ತೈಲ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು, ಯಾರು ಮಾಡಿದರು, ರಕ್ತದೊತ್ತಡ ಎಷ್ಟು, ಕಾಲೆತ್ತುವ ಡಿಗ್ರಿ ಏನಾದರೂ ಏರಿತೇ. ಕಂಪನಿ ತನಿಖೆಗೆ ಕಳಿಸುವ ಮನುಷ್ಯ ಮೊದಲು ತೆಗೆಯುವುದು ಈ ಚಾರ್ಟನ್ನೇ. ಹದಿನಾಲ್ಕೂ ದಿನ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ರಕ್ತದೊತ್ತಡ ಕಂಡರೆ ಕೊನೆಯ ದಿನ ಕೂತು ಬರೆದದ್ದು ಎಂದು ಅವನಿಗೆ ಗೊತ್ತಾಗುತ್ತದೆ. ಅಮ್ಮ ಭಾನುವಾರ ಮನೆಗೆ ಹೋಗಿಬಂದು ಮಲಗಿದ್ದರೂ ಕಷ್ಟ. ‘ಹೆಸರಿಗೆ ಅಡ್ಮಿಟ್ ಮಾಡಿಕೊಳ್ಳುತ್ತೇವೆ, ಬೆಳಿಗ್ಗೆ ಬಂದು ಮಸಾಜ್ ಮಾಡಿಸಿಕೊಂಡು ಹೋಗಿ’ ಎನ್ನುವ ಕೇಂದ್ರಗಳಿವೆ. ಅಂಥ ಕಡೆ ಕಾಲಿಡಬೇಡಿ.

ಆಸ್ಪತ್ರೆ ಮಾನ್ಯವೇ ಎಂದು ಮೊದಲೇ ನೋಡಿ. ಸರ್ಕಾರಿ ಆಯುಷ್ ಆಸ್ಪತ್ರೆ, ಮಾನ್ಯತೆ ಪಡೆದ ಆಯುಷ್ ಕಾಲೇಜಿನ ಬೋಧನಾ ಆಸ್ಪತ್ರೆ ನೇರವಾಗಿ ವ್ಯಾಖ್ಯೆಯೊಳಗೆ ಬರುತ್ತವೆ. ವರ್ಲಿಯ ಪೋದಾರ್ ಆಯುರ್ವೇದ ಆಸ್ಪತ್ರೆ, ಪುಣೆಯ ರಾಸ್ತಾ ಪೇಠೆಯಲ್ಲಿ ತಿಲಕ್ ಆಯುರ್ವೇದ ಮಹಾವಿದ್ಯಾಲಯಕ್ಕೆ ಸೇರಿದ ತಾರಾಚಂದ್ ಆಸ್ಪತ್ರೆ, ಗೋವಾದ ಪೆಡ್ಣೆ ತಾಲ್ಲೂಕಿನ ಧಾರಗಳದಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದ ಅಖಿಲ ಭಾರತ ಆಯುರ್ವೇದ ಸಂಸ್ಥೆ ಇಂಥವು. ಖಾಸಗಿಯಾದರೆ ಸ್ಥಳೀಯ ಆಡಳಿತದಲ್ಲಿ ನೋಂದಣಿ, ಕನಿಷ್ಠ 5 ಒಳರೋಗಿ ಮಂಚ, ಹಗಲು-ರಾತ್ರಿ ಆಯುಷ್ ವೈದ್ಯರು, ಪ್ರತ್ಯೇಕ ಚಿಕಿತ್ಸಾ ವಿಭಾಗ, ದಿನದಿನದ ದಾಖಲೆ ಇಷ್ಟೂ ಬೇಕು. ಮಹಾರಾಷ್ಟ್ರದಲ್ಲಿ ನರ್ಸಿಂಗ್ ಹೋಮ್ ನೋಂದಣಿ ಪತ್ರದ ಮೇಲೆ ಮಂಚಗಳ ಸಂಖ್ಯೆ, ಅವಧಿ ಎರಡೂ ಇರುತ್ತವೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅವಧಿ ಮುಗಿದು ನವೀಕರಣಕ್ಕೆ ಹೋಗಿರುವ ಪತ್ರ ತಕರಾರಿಗೆ ದಾರಿ.

ಊರಿನ ಕಡೆ, ಉಡುಪಿ ಕುತ್ಪಾಡಿಯ ಎಸ್‌ಡಿಎಂ ಆಯುರ್ವೇದ ಕಾಲೇಜಿನ ಆಸ್ಪತ್ರೆಯಂಥಲ್ಲಿಗೆ ಕರೆದುಕೊಂಡು ಹೋಗುವ ಯೋಚನೆಯಿದ್ದರೆ ಅದಕ್ಕೂ ಅಡ್ಡಿಯಿಲ್ಲ. ಪಾಲಿಸಿ ಮುಂಬಯಿಯದಾದರೂ ದೇಶದೊಳಗೆ ಎಲ್ಲೆಡೆ ನಡೆಯುತ್ತದೆ. ಊರಿನ ಪ್ರಕಾರ ವಲಯ ಮಾಡಿರುವ ಪಾಲಿಸಿಗಳಲ್ಲಿ ಸಣ್ಣ ಊರಿನ ಪ್ರೀಮಿಯಂ ಕಟ್ಟಿ ಮುಂಬಯಿಯಲ್ಲಿ ಚಿಕಿತ್ಸೆ ಪಡೆದವರಿಗೆ ಕಡಿತ ಬೀಳುತ್ತದೆ, ಮುಂಬಯಿಯಿಂದ ಅತ್ತ ಹೋದವರಿಗೆ ಅಲ್ಲ.

ಗೋವಾದ ರೆಸಾರ್ಟ್ ಏಕೆ ಆಗದು ಎಂದರೆ, ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆಯಲ್ಲಿರುವ ಹೊರಗಿಟ್ಟ ಖರ್ಚುಗಳ ಪಟ್ಟಿಯಲ್ಲಿ 13ನೇ ಕೋಡ್ ಸ್ಪಾ, ಜಲಚಿಕಿತ್ಸಾ ಕೇಂದ್ರ, ಪ್ರಕೃತಿ ಚಿಕಿತ್ಸಾಲಯ ಮತ್ತು ಅಂಥವಕ್ಕೆ ಅಂಟಿಕೊಂಡ ನರ್ಸಿಂಗ್ ಹೋಮ್ ಮಂಚಗಳನ್ನೂ ಸೇರಿಸಿ ಹೊರಗಿಡುತ್ತದೆ. 5ನೇ ಕೋಡ್ ವಿಶ್ರಾಂತಿ ಮತ್ತು ಪುನಶ್ಚೇತನಕ್ಕಾಗಿ ಸೇರುವುದನ್ನು ಹೊರಗಿಡುತ್ತದೆ. ಅಲ್ಲಿ ಬಿಎಎಂಎಸ್ ಪದವಿಯ ಆಯುರ್ವೇದ ವೈದ್ಯರಿದ್ದರೂ ಇದು ಬದಲಾಗದು. ಪ್ರಕೃತಿ ಚಿಕಿತ್ಸೆ ಆಯುಷ್‌ನ ಒಳಗೇ ಬರುವ ಪದ್ಧತಿಯಾದರೂ ಈ 13ನೇ ಕೋಡಿನಿಂದಾಗಿ ಆಶ್ರಮದ ಬಿಲ್ಲುಗಳು ಸಿಕ್ಕಿಕೊಳ್ಳುತ್ತವೆ. ನ್ಯಾಯವೋ ಅನ್ಯಾಯವೋ, ಸದ್ಯಕ್ಕೆ ಹಾಗಿದೆ.

ಬಿಲ್ಲನ್ನು ನೋಡಿಯೇ ಸ್ಪಾ ಯಾವುದು, ಆಸ್ಪತ್ರೆ ಯಾವುದು ಎಂದು ಹೇಳುವ ಒಂದು ಗುರುತೂ ಇದೆ: ಜಿಎಸ್‌ಟಿ. ಆಸ್ಪತ್ರೆ ಕೊಡುವ ಚಿಕಿತ್ಸೆಗೆ, ಆಯುರ್ವೇದವೂ ಸೇರಿ, ಜಿಎಸ್‌ಟಿ ಇಲ್ಲ. ದಿನಕ್ಕೆ 5,000 ರೂಪಾಯಿ ಮೀರಿದ ಕೋಣೆ ಬಾಡಿಗೆಗೆ ಮಾತ್ರ 5% ಬೀಳುತ್ತದೆ. ಅಭ್ಯಂಗದ ಸಾಲಿನ ಮೇಲೆಯೇ ಜಿಎಸ್‌ಟಿ ಹಾಕಿದ್ದರೆ, ಇದು ಚಿಕಿತ್ಸೆಯಲ್ಲ ಎಂದು ಆ ಕೇಂದ್ರವೇ ಒಪ್ಪಿಕೊಂಡ ಹಾಗೆ.

ಇನ್ನು ಲೆಕ್ಕ. ನಿಮ್ಮ ಪಾಲಿಸಿಯಲ್ಲಿ ಕೋಣೆ ಬಾಡಿಗೆಯ ಮಿತಿ ವಿಮಾ ಮೊತ್ತದ 1%, ಅಂದರೆ ದಿನಕ್ಕೆ 3,000 ಎಂದಿಟ್ಟುಕೊಳ್ಳಿ. ಆಸ್ಪತ್ರೆಯ ಕೋಣೆ 3,500, 14 ದಿನಕ್ಕೆ 49,000. ವೈದ್ಯರ ಭೇಟಿ ದಿನಕ್ಕೆ 700ರಂತೆ 9,800. ಕಟಿಬಸ್ತಿ 1,200ರಂತೆ 16,800. ಅಭ್ಯಂಗ-ಸ್ವೇದನ 1,500ರಂತೆ 21,000. ಒಳಗೆ ತೆಗೆದುಕೊಳ್ಳುವ ಔಷಧಿ 7,000. ಜೊತೆಗಿದ್ದವರ ಊಟ 5,600, ಸೊಂಟದ ಬೆಲ್ಟು 1,200, ಮನೆಗೆ ಕೊಟ್ಟ ಲೇಹ್ಯ-ಟಾನಿಕ್ 3,000. ಒಟ್ಟು 1,13,400. ಇದರಲ್ಲಿ ಕೊನೆಯ ಮೂರು ಸಾಲು, 9,800 ರೂಪಾಯಿ, ಕೊಡದಿರುವ ಪಟ್ಟಿಗೆ ಹೋಗುತ್ತವೆ. ಕೋಣೆಗೆ 3,000ರಂತೆ 42,000 ಮಾತ್ರ.

ಪೆಟ್ಟು ಬೀಳುವುದು ಇದಾದ ಮೇಲೆ. ಕೋಣೆ ಮಿತಿ ಮೀರಿದರೆ ವೈದ್ಯರ ಶುಲ್ಕ, ಚಿಕಿತ್ಸೆಯ ಶುಲ್ಕವನ್ನೂ ಅದೇ ಅನುಪಾತದಲ್ಲಿ ಕತ್ತರಿಸುತ್ತಾರೆ. 47,600ರ ಏಳರಲ್ಲಿ ಆರು ಪಾಲು, 40,800. ಔಷಧಿ ಸೇರಿ ಕೈಗೆ 89,800. ಆದರೆ ಕೋಣೆ ಯಾವುದೇ ಇರಲಿ ಚಿಕಿತ್ಸೆಯ ದರ ಒಂದೇ ಇರುವ ಆಸ್ಪತ್ರೆಯಲ್ಲಿ ಈ ಅನುಪಾತದ ಕಡಿತ ಮಾಡಬಾರದು ಎಂಬ ನಿಯಮವಿದೆ. ಆಯುರ್ವೇದ ಆಸ್ಪತ್ರೆಗಳಲ್ಲಿ ಜನರಲ್ ವಾರ್ಡಿನವರಿಗೂ ಎಸಿ ಕೋಣೆಯವರಿಗೂ ಕಟಿಬಸ್ತಿಯ ದರ ಒಂದೇ ಇರುವುದು ಮಾಮೂಲಿ. ದರಪಟ್ಟಿಯ ಪ್ರತಿ ಮತ್ತು ‘ಕೋಣೆಯ ಪ್ರಕಾರ ದರ ಬದಲಾಗುವುದಿಲ್ಲ’ ಎಂಬ ಒಂದು ಸಾಲಿನ ಪತ್ರವನ್ನು ಲೆಟರ್‌ಹೆಡ್ಡಿನ ಮೇಲೆ ತೆಗೆದುಕೊಂಡು ಕ್ಲೇಮಿಗೆ ಲಗತ್ತಿಸಿ. 96,600 ಸಿಗುತ್ತದೆ, ಅಂದರೆ 6,800 ಹೆಚ್ಚು. ಬಿಲ್ಲಿನ ಒಂದು ಪಾಲನ್ನು ನೀವೇ ಕಟ್ಟುವ ಸಹಪಾವತಿಯ ಷರತ್ತಿದ್ದರೆ ಆ ಶೇಕಡಾವಾರು ಇದರಲ್ಲಿ ಕಳೆಯುತ್ತದೆ. ಬಿಲ್ಲು ‘ಪಂಚಕರ್ಮ ಪ್ಯಾಕೇಜ್ 14 ದಿನ’ ಎಂಬ ಒಂದೇ ಸಾಲಿನಲ್ಲಿದ್ದರೆ ಈ ಯಾವ ವಾದಕ್ಕೂ ಆಸ್ಪದವಿಲ್ಲ. ಬಿಡಿಬಿಡಿಯಾಗಿಯೇ ಬೇಕು.

ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಜಾಲದಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಎಂದು 2024ರ ಜನವರಿಯಲ್ಲಿ ಶುರುವಾದ ವ್ಯವಸ್ಥೆ 15 ಅಥವಾ ಹೆಚ್ಚು ಮಂಚಗಳ ಆಸ್ಪತ್ರೆಗಳನ್ನು ಗಮನದಲ್ಲಿಟ್ಟದ್ದು, 5-10 ಮಂಚದ ಆಯುರ್ವೇದ ಆಸ್ಪತ್ರೆ ಅದರ ಹೊರಗೇ ಉಳಿಯುತ್ತದೆ. ಆದರೂ ಸೇರುವುದಕ್ಕೆ 48 ಗಂಟೆ ಮೊದಲು ವೈದ್ಯರ ಚಿಕಿತ್ಸಾ ಯೋಜನೆ, ಎಂಆರ್‌ಐ, ಅಂದಾಜು ಖರ್ಚು ಸೇರಿಸಿ ಟಿಪಿಎಗೆ ಇಮೇಲ್ ಮಾಡಿ. ದುಡ್ಡು ಮೊದಲು ನೀವೇ ಕಟ್ಟಿ ಆಮೇಲೆ ಪಡೆಯುವುದಾದರೂ ಈ ಇಮೇಲ್ ಸಾಕ್ಷಿಯಾಗಿ ನಿಲ್ಲುತ್ತದೆ, ಅವರು ಮೊದಲೇ ‘ಆಗದು’ ಎಂದರೆ ಒಂದು ಲಕ್ಷ ಸುರಿಯುವ ಮುಂಚೆ ಗೊತ್ತಾಗುತ್ತದೆ. ಬಿಡುಗಡೆಯಾದ 30 ದಿನದೊಳಗೆ ಕ್ಲೇಮ್ ಫಾರ್ಮಿನ ಎ ಭಾಗ ನೀವು, ಬಿ ಭಾಗ ಆಸ್ಪತ್ರೆ ತುಂಬಿ, ಡಿಸ್ಚಾರ್ಜ್ ಸಮ್ಮರಿ, ಒಳರೋಗಿ ಕೇಸ್ ಪೇಪರುಗಳ ಪೂರ್ತಿ ಪ್ರತಿ, ಬಿಡಿ ಬಿಲ್ಲು, ರಸೀದಿ, ಆಸ್ಪತ್ರೆಯ ನೋಂದಣಿ ಪತ್ರ, ವೈದ್ಯರ ನೋಂದಣಿ ಸಂಖ್ಯೆ, ರದ್ದು ಮಾಡಿದ ಚೆಕ್ ಕೊಡಿ. ಎಲ್ಲದರ ಒಂದು ಪ್ರತಿ ನಿಮ್ಮಲ್ಲಿರಲಿ.

ಬಿಡುಗಡೆಯ ನಂತರ ಮನೆಯಲ್ಲಿ ಫಿಸಿಯೊಥೆರಪಿ ಬೇಕಾದರೆ, ಅದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲೇ ಎಷ್ಟು ವಾರ ಎಂದು ಬರೆಸಿ. ಆಸ್ಪತ್ರೆ ನಂತರದ ಖರ್ಚಿನ ಅವಧಿ, ಹೆಚ್ಚಾಗಿ 60 ದಿನ, ಮುಗಿಯುವವರೆಗೆ ಕೇಳಬಹುದು. ಬಿಲ್ಲು ಮಹಾರಾಷ್ಟ್ರ ಪರಿಷತ್ತಿನಲ್ಲಿ ನೋಂದಾಯಿತರಾದ ಫಿಸಿಯೊಥೆರಪಿಸ್ಟರದ್ದಾಗಿರಲಿ, ಪ್ರತಿ ಭೇಟಿಯ ತಾರೀಖು ಮತ್ತು ಮಾಡಿದ್ದೇನು ಎಂಬುದು ಇರಲಿ. ‘ಮಸಾಜ್’ ಎಂದು ಬೇರೆ ಸಾಲಿದ್ದರೆ ಅದನ್ನು ಕಳೆದೇ ಕೊಡುತ್ತಾರೆ. ಆಸ್ಪತ್ರೆಗೆ ಸೇರದೆಯೇ ಇಂಥ ಖರ್ಚು ಸಿಗುವುದು ಒಪಿಡಿ ಕವರ್ ಇದ್ದವರಿಗೆ ಮಾತ್ರ. ಮನೆಯಲ್ಲಿ ಯಾರಿಗಾದರೂ ಕೆಲಸದ ಕಡೆಯ ಗುಂಪು ವಿಮೆಯಿದ್ದು ತಂದೆತಾಯಿಯರ ಹೆಸರು ಅದರಲ್ಲಿದ್ದರೆ ಮೊದಲು ಅದನ್ನು ನೋಡಿ. ಗುಂಪು ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯೇ ಇರದಿರುವುದುಂಟು, ಆಗ ಮೇಲೆ ಹೇಳಿದ 7 ತಿಂಗಳ ಲೆಕ್ಕವೂ ಬೇಡ.

ಎಲ್ಲ ಸರಿಯಿದ್ದೂ ‘ಒಪಿಡಿಯಲ್ಲಿ ಆಗುತ್ತಿತ್ತು’ ಎಂದು ತಿರಸ್ಕರಿಸಿದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ. ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸುವಂತಿಲ್ಲ ಎಂಬುದು 2024ರ ಮೇ ತಿಂಗಳಿನಿಂದ ನಿಯಮ. ದಾಖಲಾದ ದಿನದ ಅಳತೆಗಳನ್ನು ಉಲ್ಲೇಖಿಸಿ, ಮನೆಯಿಂದ ಬಂದುಹೋಗುವಂತೆ ಚಿಕಿತ್ಸೆ ಏಕೆ ಸಾಧ್ಯವಿರಲಿಲ್ಲ ಎಂದು ವೈದ್ಯರಿಂದ ಒಂದು ಪುಟದ ಪತ್ರ ಬರೆಸಿ ಕಂಪನಿಯ ದೂರು ವಿಭಾಗಕ್ಕೆ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ವಿಮೆಯ ತಕರಾರು ಬಗೆಹರಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಮುಂಬಯಿ, ಠಾಣೆ, ಪುಣೆಯಲ್ಲಿ ಕಚೇರಿಗಳಿವೆ, ಡೊಂಬಿವಲಿಯವರಿಗೆ ಠಾಣೆಯದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಅರ್ಜಿಯನ್ನು ಆನ್‌ಲೈನಿನಲ್ಲೂ ಹಾಕಬಹುದು. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ಹಾಕಬೇಕು, ಅದೇ ವಿಷಯಕ್ಕೆ ಗ್ರಾಹಕ ನ್ಯಾಯಾಲಯದಲ್ಲಿ ದಾವೆ ಹೂಡಿರಬಾರದು.